ಅಕ್ಕನ ವಚನವೂ ಯಂತ್ರದ ಜಾಣ್ಮೆಯೂ

ಈಚೆಗೆ ನನ್ನ ವಿದ್ಯಾರ್ಥಿನಿಯೊಬ್ಬಳು ಅಕ್ಕಮಹಾದೇವಿಯನ್ನು ಕುರಿತು ಪ್ರಬಂಧವೊಂದನ್ನು ತಂದೊಪ್ಪಿಸಿದಳು. ಭಾಷೆ ನಿರರ್ಗಳ, ಕಾಗುಣಿತದ ತಪ್ಪು ಒಂದೂ ಇಲ್ಲ. ಆದರೆ ಅಕ್ಕನದೆಂದು ಅಲ್ಲಿ ಉದ್ಧರಿಸಿದ್ದ ವಚನವೊಂದು ‘ಕೂಡಲಸಂಗಮದೇವಾ’ ಎಂದು ಮುಗಿದಿತ್ತು! ಅದು ಬಸವಣ್ಣನವರ ಅಂಕಿತ, ಅಕ್ಕನದು ‘ಚೆನ್ನಮಲ್ಲಿಕಾರ್ಜುನ’. ಬಸವಣ್ಣನವರ ವಚನಗಳಲ್ಲಿ ಹುಡುಕಿದರೆ ಅಲ್ಲಿಯೂ ಅದರ ಸುಳಿವಿಲ್ಲ. “ಏನಮ್ಮಾ, ಈ ವಚನ ನಿನಗೆ ಎಲ್ಲಿ ದೊರೆಯಿತು?” ಎಂದೆ. “ಮೊಬೈಲಿನಲ್ಲಿ ಕೃತಕ ಬುದ್ಧಿಯನ್ನು ಕೇಳಿದೆ, ಸಾರ್” ಎಂದು ತಲೆ ತಗ್ಗಿಸಿದಳು.

ಅಧ್ಯಾಪಕರ ಕೊಠಡಿಯಲ್ಲಿ ವಿಷಯ ತಿಳಿದದ್ದೇ ತಡ, ವಾಗ್ವಾದಕ್ಕೆ ಮೊದಲಾಯಿತು. “ನಾಲ್ಕು ವರ್ಷ ತಾಳಿ, ಯಂತ್ರವೇ ಪಾಠ ಹೇಳುತ್ತದೆ, ನಮ್ಮನ್ನು ಕೇಳುವವರಿರುವುದಿಲ್ಲ” ಎಂದರು ಒಬ್ಬರು. “ಅದನ್ನು ಕಾಲೇಜಿನ ಹೊಸ್ತಿಲು ದಾಟಗೊಡಬಾರದು” ಎಂದರು ಮತ್ತೊಬ್ಬರು.

ಈ ಎರಡು ರಾಗಗಳೂ ಹಳೆಯವೇ. 1966ರಲ್ಲಿ ಅಮೆರಿಕದ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಎಂಬ ಕಂಪ್ಯೂಟರ್ ಪ್ರೋಗ್ರಾಮನ್ನು ಲೋಕದ ಮುಂದಿಟ್ಟರು. ಮಾತನಾಡಿಸಿದವರ ನುಡಿಯನ್ನೇ ಪ್ರಶ್ನೆಯಾಗಿ ತಿರುಗಿಸುವುದು ಅದರ ಮುಖ್ಯ ಚಮತ್ಕಾರ. ಆದರೂ ಜನ ಅದರೆದುರು ಅಂತರಂಗ ತೋಡಿಕೊಂಡರು. ಕಂಡು ಬೆಚ್ಚಿದವರು ಸ್ವತಃ ವೈಜೆನ್‌ಬಾಮರೇ! 1973ರಲ್ಲಿ ಬ್ರಿಟನ್ನಿನ ಲೈಟ್‌ಹಿಲ್ ವರದಿ ಕೃತಕ ಬುದ್ಧಿಯ ಭರವಸೆಗಳು ಫಲಿಸಲಿಲ್ಲವೆಂದು ಸಾರಿತು. 2024ರಲ್ಲಾದರೋ ಈ ವಿದ್ಯೆಗೆ ಬುನಾದಿ ಹಾಕಿದ ಹಾಪ್‌ಫೀಲ್ಡ್ ಮತ್ತು ಹಿಂಟನ್ ಅವರಿಗೆ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವೇ ಸಂದಿತು. ಹೊಗಳಿದವರೂ ಎಡವಿದರು, ತೆಗಳಿದವರೂ ಎಡವಿದರು.

ಇಂದಿನ ಯಂತ್ರದ ಗುಟ್ಟಾದರೂ ಏನು? ಅಪಾರ ಬರಹವನ್ನು ಅರಗಿಸಿಕೊಂಡು, ಒಂದು ಮಾತಿನ ಬೆನ್ನಿಗೆ ಯಾವ ಮಾತು ಬರುವ ಸಂಭವ ಹೆಚ್ಚೆಂದು ಎಣಿಸುತ್ತ ಹೋಗುವುದು. ವಚನದ ಕೊನೆಗೆ ಕೂಡಲಸಂಗಮನ ಹೆಸರು ಬರುವುದು ವಾಡಿಕೆ. ಯಂತ್ರ ವಾಡಿಕೆಯನ್ನು ಬಲ್ಲದು, ಅಕ್ಕನನ್ನು ಅರಿಯದು. ಹಾಗೆಂದು, ಕಣ್ಣು ಕಾಣದ ವಿದ್ಯಾರ್ಥಿಗೆ ಪುಸ್ತಕವನ್ನು ಓದಿ ಹೇಳುವ ಉಪಕಾರವೂ ಇದೇ ವಿದ್ಯೆಯದೆಂಬುದನ್ನು ಮರೆಯಲಾಗದು. ಯಂತ್ರದ ತಪ್ಪು ನಾಳೆ ತಿದ್ದಿಹೋದೀತು. ತಪ್ಪನ್ನು ಗುರುತಿಸುವ ಕಣ್ಣು ನಮ್ಮ ಮಕ್ಕಳಲ್ಲಿ ಉಳಿದೀತೇ ಎಂಬುದು ನನ್ನ ಚಿಂತೆ.

ಹುಡುಗಿಗೆ ದಂಡನೆ ವಿಧಿಸಲಿಲ್ಲ. ಪ್ರಬಂಧದ ಪ್ರತಿಯೊಂದು ವಚನವನ್ನೂ ಗ್ರಂಥಾಲಯದ ಸಂಪುಟಗಳೊಡನೆ ಹೋಲಿಸಿ ಬಾ ಎಂದು ಕಳುಹಿಸಿದೆ. ಎರಡು ದಿನ ಕುಳಿತು ಇನ್ನೂ ಎರಡು ತಪ್ಪುಗಳನ್ನು ಹಿಡಿದು ತಂದಳು. ಜೊತೆಗೆ, ಅಕ್ಕನನ್ನು ಓದಿ ತಾನೇ ಬರೆದ ಒಂದು ಪುಟವನ್ನೂ. ಅದರಲ್ಲಿ ಕಾಗುಣಿತದ ತಪ್ಪುಗಳು ಏಳಿದ್ದವು. ಅಂಕಗಳನ್ನು ಆ ಪುಟಕ್ಕೇ ಕೊಟ್ಟೆ. ವಾಚಕರು ಏನೆನ್ನುವರೋ?