ಒಣಹಾಕಿದ ವಸ್ತ್ರವನ್ನು ಗಾಳಿಯಿಂದ ಕಾಯುವ ಬಗೆ

ಬದಾಮಿಗೆ ಸಮೀಪದ ಚೊಳಚಗುಡ್ಡದಲ್ಲಿ ಪುಷ್ಯಮಾಸದ ಹುಣ್ಣಿಮೆಗೆ ಬನಶಂಕರಿಯ ತೇರು ಸಾಗುವುದು ವಾಚಕರಿಗೆ ತಿಳಿದುದೇ. ಬಂದವರು ಹರಿದ್ರಾತೀರ್ಥದಲ್ಲಿ ನೀರಿದ್ದರೆ ಅಲ್ಲಿ, ಇಲ್ಲವಾದರೆ ಮಲಪ್ರಭೆಯ ದಂಡೆಯಲ್ಲಿ ಮಿಂದು, ತೊಯ್ದ ಧೋತರ ಸೀರೆಗಳನ್ನು ಕಲ್ಲಿನ ಮೇಲೆ ಹರವುವರು. ಅವು ಗಾಳಿಗೆ ಹಾರಿ ನೀರಿಗೆ ಬಿದ್ದರೆ ಮಡಿ ಕೆಡುವುದೊಂದೇ ಕಷ್ಟವಲ್ಲ. ಹಿಡಿಯಲೆಂದು ಪಾಚಿಗಟ್ಟಿದ ಮೆಟ್ಟಿಲಲ್ಲಿ ಬಾಗುವ ತಾಯಂದಿರ ಪ್ರಾಣಕ್ಕೂ ಅಪಾಯವುಂಟು. ಆದುದರಿಂದ ಈ ಸಣ್ಣ ವಿಷಯವು ವಿಚಾರಯೋಗ್ಯವೆಂದು ನಾವು ಭಾವಿಸುತ್ತೇವೆ.

ತೊಯ್ದ ವಸ್ತ್ರವು ತನ್ನ ಭಾರದಿಂದಲೇ ಕಲ್ಲಿಗೆ ಅಂಟಿರುವುದು. ಒಣಗಿದಂತೆಲ್ಲ ಅದು ಹಗುರಾಗುವುದು. ಹರವಿದಾಗ ಅಲುಗದಿದ್ದುದನ್ನು ಕಂಡು ನಿಶ್ಚಿಂತರಾದವರು ಮೋಸಹೋಗುವುದು ಇಲ್ಲಿಯೇ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುವುದು. ಅದು ಬಹುಮಟ್ಟಿಗೆ ಎದುರಂಚಿನ ಅಡಿಗೆ ನುಗ್ಗಿ ವಸ್ತ್ರವನ್ನೆತ್ತುವುದು. ಆದಕಾರಣ ಮೊದಲು ಭದ್ರಪಡಿಸತಕ್ಕದ್ದು ಗಾಳಿ ಬರುವ ಕಡೆಯ ಅಂಚನ್ನು.

ಸಿಕ್ಕಿದ ಕಲ್ಲನ್ನು ಹೇರುವುದು ರೂಢಿ. ಕಲ್ಲಿನಿಂದ ಮಣ್ಣಿನ ಕಲೆಯಾಗುವುದು. ಕಬ್ಬಿಣದಿಂದ ತುಕ್ಕಿನ ಕಲೆ, ಅದು ಬೇಗ ಹೋಗದು. ಇಳಕಲ್ಲಿನ ಸೀರೆಯಲ್ಲಂತೂ ಒಡಲಿನ ಹಾಸುನೂಲನ್ನು ಸೆರಗಿನ ಹಾಸುನೂಲಿಗೆ ಕುಣಿಕೆಗಳಿಂದ ಕೂಡಿಸಿರುವರು. ಆ ಕೂಡಿಕೆಯ ಮೇಲೆ ಒರಟು ಕಲ್ಲನ್ನಿಡುವುದು ಸಲ್ಲದು.

ಇದಕ್ಕೆ ಸುಲಭ ಸಾಧನವೊಂದಿದೆ. ಬಣ್ಣ ಬಿಡದ ದಪ್ಪ ಬಿಳಿಯ ಅರಿವೆಯನ್ನು ಎರಡು ಪದರ ಮಾಡಿ, ಎರಡೂವರೆ ಮೊಳ ಉದ್ದ, ನಾಲ್ಕು ಬೆರಳು ಅಗಲದ ನೀಳವಾದ ಚೀಲ ಹೊಲಿಯಿರಿ. ಒಂದು ತುದಿಗೆ ಲಾಡಿಯಿರಲಿ. ಇದಲ್ಲದೆ ಅಂಗೈಯಗಲದ ನಾಲ್ಕು ಪುಟ್ಟ ಚೀಲಗಳೂ ಬೇಕು. ಬರಿದಾಗಿ ಒಯ್ದರೆ ಇವು ಭಾರವಲ್ಲ. ದಂಡೆಯಲ್ಲಿ ಒಣಮರಳು ತುಂಬಿ ಬಾಯಿ ಕಟ್ಟಿ, ಹಿಂದಿರುಗುವಾಗ ಅಲ್ಲಿಯೇ ಸುರಿದು ಬರತಕ್ಕದ್ದು. ಚಿಟಿಕೆ ಧೂಳನ್ನು ತೂರಿ ಗಾಳಿಯ ದಿಕ್ಕನ್ನು ತಿಳಿದು, ಸೀರೆಯನ್ನು ನೀಳವಾಗಿ ಮಡಿಸಿ, ಅದರ ಗಿಡ್ಡ ಅಂಚು ಗಾಳಿಗೆ ಎದುರಾಗುವಂತೆ ಹರವಿರಿ. ಆ ಅಂಚನ್ನು ನೀಳ ಚೀಲಕ್ಕೆ ಒಂದು ಸುತ್ತು ಸುತ್ತಿದರೆ ಗಾಳಿಗೆ ನುಗ್ಗಲು ಸಂದಿಯೇ ಉಳಿಯದು. ಪುಟ್ಟ ಚೀಲಗಳನ್ನು ಹಿಂದಿನ ಮೂಲೆಗಳಲ್ಲಿಯೂ ಪಕ್ಕದ ಅಂಚುಗಳಲ್ಲಿಯೂ ಇಡಿರಿ. ಅರ್ಧ ಒಣಗಿದ ಮೇಲೆ ಸುತ್ತನ್ನು ಬಿಚ್ಚಿ, ಅಂಚಿನ ಮೇಲೆ ಚೀಲವನ್ನು ಬರಿದೇ ಇಟ್ಟರೆ ಸಾಕು.

ಮರಳು ದೊರೆಯದಲ್ಲಿ ಎರಡೆಳೆಯ ಹಗ್ಗವನ್ನು ಬಿಗಿಯಾಗಿ ಹೊಸೆದು ಎರಡು ಕಂಬಗಳಿಗೆ ಕಟ್ಟಿ, ಎಳೆಗಳ ನಡುವೆ ವಸ್ತ್ರದ ಮೂಲೆಗಳನ್ನು ತೂರಿಸಬಹುದು. ಗುಬ್ಬಿ, ಗೂಟಗಳ ಗೊಡವೆಯಿಲ್ಲದೆ ಹೊಸೆತವೇ ಅವನ್ನು ಕಚ್ಚಿ ಹಿಡಿಯುವುದು.

ಗೋಕರ್ಣ, ಕಾರವಾರಗಳ ಕಡಲ ದಂಡೆಯಲ್ಲಿ ಟವಲು ಹಾಸಿ ಕೂಡುವವರಿಗೂ ಇದೇ ನಿಯಮ. ಅಲ್ಲಿ ಪುಟ್ಟ ಚೀಲಗಳನ್ನು ಲಾಡಿಯಿಂದ ಮೂಲೆಗಳಿಗೆ ಕಟ್ಟಿ ಗೇಣು ಆಳ ಹೂಳಿದರೆ, ಮೇಲಿನ ಮರಳೂ ಭಾರವಾಗಿ ನಿಲ್ಲುವುದು.

ಇಷ್ಟರ ಮೇಲೂ ವಸ್ತ್ರವು ನೀರಿಗೆ ಬಿದ್ದರೆ ಉದ್ದ ಕೋಲಿನಿಂದ ಎಳೆಯಿರಿ. ಅದಕ್ಕೂ ಎಟುಕದಿದ್ದರೆ ಬಿಟ್ಟುಬಿಡಿರಿ. ಸೀರೆಯನ್ನು ಮಗ್ಗದಲ್ಲಿ ಮತ್ತೆ ನೇಯಬಹುದು.