ಹಾಡು ಯಾವಾಗ ಶುರು?

ಸಂಜೆ ಆರೂವರೆಗೆ ಸರಿಯಾಗಿ ಅಂತ ಪೋಸ್ಟರಿನಲ್ಲಿ ಅಚ್ಚು ಹಾಕಿಸಿದ್ದರು. ನಂಬಿದವಳು ನಾನು. ಐದು ಗಂಟೆಗೇ ಸಾರು ಕುದಿಸಿಟ್ಟು, ಅತ್ತೆಯವರಿಗೆ ಶಾಲು ಹೊದಿಸಿ, ಚೀಲದಲ್ಲಿ ನೀರಿನ ಬಾಟಲಿಯನ್ನೂ ಒಂದಿಷ್ಟು ಚುರುಮುರಿಯನ್ನೂ ಇಟ್ಟುಕೊಂಡು ಕಾಲೇಜು ಮೈದಾನಕ್ಕೆ ಹೊರಟೆವು. ಟೀವಿಯ ಸಂಗೀತ ಸ್ಪರ್ಧೆಯಲ್ಲಿ ಹಾಡಿದ ಹುಡುಗ ಹುಡುಗಿಯರು ನಮ್ಮೂರಿಗೆ ಬರುತ್ತಿದ್ದರು. ವಾರವಾರವೂ ಅವರನ್ನು ನೋಡಿ, 'ಇವಳೇ ಗೆಲ್ಲಬೇಕು', 'ಅವನನ್ನು ಯಾಕೆ ತೆಗೆದರು' ಎಂದು ಮನೆಮಂದಿಯೆಲ್ಲ ಜಗಳವಾಡಿದ್ದ ನಮಗೆ ಅದು ನೆಂಟರು ಬರುವಷ್ಟೇ ಸಂಭ್ರಮ.

ಮೊದಲ ಹಾಡು ಶುರುವಾದದ್ದು ಒಂಬತ್ತು ಇಪ್ಪತ್ತಕ್ಕೆ.

ಅಲ್ಲಿಯವರೆಗೆ ಏನು ನಡೆಯಿತು ಅಂತ ನಾನು ಹೇಳಬೇಕೆ? ನಿಮ್ಮೂರಲ್ಲೂ ಅದೇ ನಡೆದಿರುತ್ತದೆ. ದೀಪ ಹಚ್ಚಿದರು, ಗಾಳಿಗೆ ಆರಿತು, ಮತ್ತೆ ಹಚ್ಚಿದರು. ಹನ್ನೊಂದು ಜನಕ್ಕೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಆ ಹನ್ನೊಂದರಲ್ಲಿ ಸಂಗೀತದ ಕಡೆಯವರು ಒಬ್ಬರಾದರೂ ಇದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲವೇನೋ. ನಮ್ಮೂರಿನ ಅರ್ಧದಷ್ಟು ಮಕ್ಕಳಿಗೆ ತಾಳ ಕಲಿಸಿದ ತಬಲಾ ಮೇಷ್ಟ್ರು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಕಂಬದ ಮರೆಯಲ್ಲಿ ಕೂತಿದ್ದರು. ಮುಂದಿನ ನಾಲ್ಕು ಸಾಲು ಸೋಫಾಗಳು ಪಾಸು ಇದ್ದವರಿಗೆ. ಹಾಡು ಶುರುವಾಗುವ ಹೊತ್ತಿಗೆ ಅವರಲ್ಲಿ ಅರ್ಧ ಜನ ಎದ್ದು ಹೋಗಿದ್ದರು.

ಕೊನೆಗೂ ಹಾಡು ಬಂತು. ಹೊಗೆ, ಬಣ್ಣದ ದೀಪ, ಎದೆ ನಡುಗಿಸುವ ಸದ್ದು. ಟೀವಿಯಲ್ಲಿ ನಮ್ಮನ್ನು ಅಳಿಸಿದ್ದ ಹುಡುಗಿ ವೇದಿಕೆಯ ಮೇಲಿದ್ದಳು. ಆದರೆ ಅವಳ ಹಿಂದೆ ಯಾರೂ ಇರಲಿಲ್ಲ. ತಬಲಾ ಕೇಳುತ್ತಿತ್ತು, ತಬಲಾದವನಿಲ್ಲ. ಕೊಳಲು ಕೇಳುತ್ತಿತ್ತು, ಊದುವವನಿಲ್ಲ. ನಮ್ಮ ಅತ್ತೆಯವರಿಗೆ ಎಂಬತ್ತೊಂದು ವರ್ಷ. ಕಣ್ಣು ಕಿರಿದು ಮಾಡಿ ಹುಡುಕಿ ಹುಡುಕಿ, ಕೊನೆಗೆ ನನ್ನ ಕಿವಿಯಲ್ಲಿ ಕೇಳಿದರು: "ಬಾರಿಸೋರು ಎಲ್ಲೇ ಕೂತಿದಾರೆ?"

ಬಾರಿಸುವವರು ಒಂದು ಲ್ಯಾಪ್‌ಟಾಪಿನೊಳಗೆ ಕೂತಿದ್ದರು. ಟ್ರ್ಯಾಕ್ ಅನ್ನುತ್ತಾರಲ್ಲ, ಅದು. ಟೀವಿಯ ವೇದಿಕೆಯಲ್ಲಿ ಸಾಲಾಗಿ ಕೂತಿದ್ದ ವಾದ್ಯದವರನ್ನು ನಾವು ನೋಡಿದ್ದೆವು. ಹಾಡುವವಳು ಒಂದು ಕಡೆ ತಡೆದರೆ ಅವರು ತಡೆಯುತ್ತಿದ್ದರು, ಅವಳು ಎತ್ತರಕ್ಕೆ ಹೋದರೆ ಜೊತೆಗೆ ಹೋಗುತ್ತಿದ್ದರು. ಟ್ರ್ಯಾಕಿಗೆ ಅದೆಲ್ಲ ಗೊತ್ತಿಲ್ಲ. ಆ ರಾತ್ರಿ ಎರಡನೇ ಚರಣದಲ್ಲಿ ಅವಳಿಗೆ ಕೆಮ್ಮು ಬಂತು. ಟ್ರ್ಯಾಕು ನಿಲ್ಲಲಿಲ್ಲ, ತನ್ನ ಪಾಡಿಗೆ ಮುಂದೆ ಹೋಯಿತು. ಹುಡುಗಿ ಬಸ್ಸಿನ ಹಿಂದೆ ಓಡುವವರ ಹಾಗೆ ಓಡಿ ಹತ್ತಿಕೊಂಡಳು. ಜನ ಚಪ್ಪಾಳೆ ಹೊಡೆದರು. ನನಗೆ ಮಾತ್ರ ಕೈ ಎತ್ತಲಾಗಲಿಲ್ಲ.

ವಾದ್ಯದವರನ್ನು ಕರೆಸಲು ಖರ್ಚು ಬರುತ್ತದಮ್ಮ ಅನ್ನುತ್ತಾರೆ. ಬರಲಿ. ಹೊಗೆಯ ಯಂತ್ರಕ್ಕೆ ಬರುವುದಿಲ್ಲವೆ? ವೇದಿಕೆಯ ಹಿಂದೆ ಗೋಡೆಯಷ್ಟು ಎತ್ತರದ ಪರದೆಗೆ, ಹನ್ನೊಂದು ಹಣ್ಣಿನ ಬುಟ್ಟಿಗೆ ಬರುವುದಿಲ್ಲವೆ? ಒಂದು ಕೀಬೋರ್ಡು, ಒಂದು ತಬಲಾ, ಒಂದು ಕೊಳಲು, ಒಂದು ರಿದಂ ಪ್ಯಾಡು ಇದ್ದರೆ ಸಾಕು. ನಾಲ್ಕೂ ಜನ ನಮ್ಮ ಜಿಲ್ಲೆಯಲ್ಲೇ ಸಿಗುತ್ತಾರೆ. ಮದುವೆ ಆರ್ಕೆಸ್ಟ್ರಾಗಳೂ ಟ್ರ್ಯಾಕಿಗೆ ತಿರುಗಿದ ಮೇಲೆ ಕೆಲಸವಿಲ್ಲದೆ ಕೂತಿದ್ದಾರೆ.

ಈ ಸ್ಪರ್ಧೆಗಳ ಮೇಲೆ ನನಗೆ ದ್ವೇಷವಿದೆ ಎಂದು ತಿಳಿಯಬೇಡಿ. 1995ರಲ್ಲಿ ಝೀ ಟೀವಿಯಲ್ಲಿ ಸೋನು ನಿಗಮ್ ಹಿಂದಿಯ 'ಸ ರೆ ಗ ಮ' ನಡೆಸಿಕೊಡಲು ಶುರುಮಾಡಿದ ದಿನಗಳಿಂದ ನಾನು ಇವುಗಳ ಭಕ್ತೆ. ಆ ಕಾರ್ಯಕ್ರಮದಿಂದ ಬಂದ ಶ್ರೇಯಾ ಘೋಷಾಲ್ ಮುಂದೆ ನಮ್ಮ ಕನ್ನಡದಲ್ಲಿ ಎಷ್ಟೊಂದು ಹಾಡಿದರು! ಈಟೀವಿಯಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ 'ಎದೆ ತುಂಬಿ ಹಾಡುವೆನು' ಬರುವ ಹೊತ್ತಿಗೆ ನಮ್ಮ ಮನೆಯಲ್ಲಿ ಫೋನು ಬಂದರೂ ಎತ್ತುತ್ತಿರಲಿಲ್ಲ. ಹೆಸರೇ ಜಿ.ಎಸ್. ಶಿವರುದ್ರಪ್ಪನವರ ಕವಿತೆಯನ್ನು ನೆನಪಿಸುವಂಥದು. ಮಕ್ಕಳು ಹಾಡಿ ಮುಗಿಸಿದ ಮೇಲೆ ಆ ಹಾಡು ಬರೆದವರು ಯಾರು, ರಾಗ ಹಾಕಿದವರು ಯಾರು, ಉಸಿರು ಎಲ್ಲಿ ತೆಗೆದುಕೊಳ್ಳಬೇಕಿತ್ತು ಎಂದು ಅವರು ಹೇಳುತ್ತಿದ್ದರು. 2020ರಲ್ಲಿ ಅವರು ಹೋದಾಗ ನಮ್ಮ ಬೀದಿಯಲ್ಲಿ ಸೂತಕದ ಹಾಗಿತ್ತು. ಮೈದಾನದಲ್ಲಿ ಆ ರಾತ್ರಿ ಇಪ್ಪತ್ತಮೂರು ಹಾಡು ಹಾಡಿದರು. ನಾನು ಎಣಿಸಿದೆ. ಒಬ್ಬ ಕವಿಯ ಹೆಸರನ್ನೂ ಹೇಳಲಿಲ್ಲ. ನಾಯಕನಟರ ಹೆಸರನ್ನು ಮಾತ್ರ ಪ್ರತಿ ಹಾಡಿಗೂ ಕೂಗಿದರು. ಅದರಲ್ಲೂ ಎಷ್ಟೋ ಹಾಡು ಪಲ್ಲವಿ ಮತ್ತು ಒಂದು ಚರಣಕ್ಕೇ ಮುಗಿದವು. ಭಾವಗೀತೆ ಒಂದೂ ಇಲ್ಲ. ಕೇಳಿದರೆ, ಜನಕ್ಕೆ ಬೇಡವಂತೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ 'ಕನ್ನಡವೇ ಸತ್ಯ' ನಡೆಸಿ, ನಮ್ಮ ಕವಿಗಳ ಹಾಡುಗಳಿಂದಲೇ ಆ ಮೈದಾನ ತುಂಬಿಸಿದರಲ್ಲ, ಅಲ್ಲಿಗೆ ಬಂದವರು ಜನ ಅಲ್ಲವೆ?

ಸ್ಪರ್ಧೆ ಮುಗಿಸಿ ಊರೂರು ಸುತ್ತುವ ಪದ್ಧತಿ ನಮ್ಮದೇ ಹೊಸ ಕಲ್ಪನೆಯೇನಲ್ಲ. ಅಮೆರಿಕದಲ್ಲಿ 2002ರಲ್ಲಿ 'ಅಮೆರಿಕನ್ ಐಡಲ್' ಶುರುವಾದ ವರ್ಷವೇ ಕೊನೆಯ ಹತ್ತು ಸ್ಪರ್ಧಿಗಳನ್ನು ಕರೆದುಕೊಂಡು ತಿರುಗಾಟ ಹೊರಟರು. 2015ರವರೆಗೆ ಪ್ರತಿ ವರ್ಷವೂ ಹೊರಟರು. ಕೊನೆಯ ಸಲ ಹೊರಟಾಗ ಹತ್ತು ಜನ ಐದಾಗಿದ್ದರು, ಆಮೇಲೆ ನಿಂತೇ ಹೋಯಿತು. 2018ರಲ್ಲಿ ಒಮ್ಮೆ ಮತ್ತೆ ಹೊರಟರಷ್ಟೆ. ಟೀವಿಯಲ್ಲಿ ಕಂಡ ಮುಖ ಎಂಬ ಒಂದೇ ಬಂಡವಾಳದಲ್ಲಿ ಎಷ್ಟು ದಿನ ಅಂಗಡಿ ನಡೆದೀತು?

ನನ್ನ ಹೊಟ್ಟೆ ಉರಿದದ್ದು ಮಕ್ಕಳ ವಿಷಯಕ್ಕೆ. ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಒಬ್ಬ ಹುಡುಗನನ್ನು ಕರೆತಂದರು. ಹತ್ತು ವರ್ಷವಿದ್ದೀತು. ಕಣ್ಣಲ್ಲಿ ನಿದ್ದೆ. ನಿರೂಪಕಿ ಅವನಿಂದ ಸಿನಿಮಾ ಡೈಲಾಗ್ ಹೇಳಿಸಿದಳು, ಕುಣಿಸಿದಳು, 'ನಿಂಗೆ ಗರ್ಲ್‌ಫ್ರೆಂಡ್ ಇದಾಳಾ' ಎಂದು ಕೇಳಿದಳು. ಎಲ್ಲರೂ ನಕ್ಕರು. ಪರದೆಯ ಪಕ್ಕ ಸ್ವೆಟರ್ ಹಿಡಿದು ನಿಂತಿದ್ದವರು ಅವನ ತಾಯಿ ಇರಬೇಕು, ಅವರು ನಗಲಿಲ್ಲ. ಕಾನೂನು ಇಲ್ಲವೆಂದಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು, ಮರುವರ್ಷ ನಿಯಮಗಳು ಬಂದವು. ಮಕ್ಕಳನ್ನು ಇಂಥ ವಾಣಿಜ್ಯ ಕಾರ್ಯಕ್ರಮಕ್ಕೆ ಕರೆಸಬೇಕಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವ ಹಾಗಿಲ್ಲ. ಬಂದ ಹಣದಲ್ಲಿ ಕನಿಷ್ಠ ಶೇಕಡಾ 20ರಷ್ಟನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಧ್ವನಿವರ್ಧಕದ ನಿಯಮವಂತೂ 2000ದಷ್ಟು ಹಳೆಯದು. ಬಯಲಲ್ಲಿ ರಾತ್ರಿ ಹತ್ತಕ್ಕೆ ಬಂದ್. ಹಬ್ಬ ಉತ್ಸವಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ಸರ್ಕಾರ ವಿನಾಯಿತಿ ಕೊಡಬಹುದು, ಅದೂ ಹನ್ನೆರಡರವರೆಗೆ. ನಮ್ಮೂರಲ್ಲಿ ಮುಗಿದಾಗ ಹನ್ನೆರಡು ಐವತ್ತು. ಆರೂವರೆಗೆ ಶುರು ಮಾಡಿ, ಮಕ್ಕಳನ್ನು ಮೊದಲು ಹಾಡಿಸಿ, ಎಂಟಕ್ಕೆ ಊಟಕ್ಕೆ ಕಳಿಸಿದರೆ ಯಾರ ಗಂಟು ಹೋಗುತ್ತದೆ? ಸನ್ಮಾನ ಬೇಕೇಬೇಕೆಂದರೆ ಹಾಡು ಮುಗಿದ ಮೇಲೆ ಮಾಡಿಕೊಳ್ಳಲಿ. ಕೂರುವ ಆಸೆ ಇದ್ದವರು ಕೂರುತ್ತಾರೆ.

ಇನ್ನೊಂದು ಮಾತು. ಬರೆಯಲು ಸಂಕೋಚ, ಆದರೆ ಗಂಡಸರು ಬರೆಯುವುದಿಲ್ಲ. ಮೈದಾನದಲ್ಲಿ ಹೆಂಗಸರಿಗೆ ಶೌಚಾಲಯವಿರಲಿಲ್ಲ. ಅಷ್ಟು ಸಾವಿರ ಜನಕ್ಕೆ ಕಾಲೇಜಿನ ಒಂದು ಶೌಚಾಲಯ, ಅದಕ್ಕೆ ಬೀಗ, ಬೀಗದ ಕೈ ಇದ್ದ ಜವಾನ ಊರಲ್ಲಿಲ್ಲ. ಎಂಟು ಗಂಟೆಯಿಂದಲೇ ನನ್ನ ಸುತ್ತಲಿದ್ದ ಹೆಂಗಸರು ನೀರು ಕುಡಿಯುವುದನ್ನು ನಿಲ್ಲಿಸಿದ್ದರು. ನಮ್ಮ ಅತ್ತೆಯವರು ತಮಗೆ ಬಹಳ ಇಷ್ಟದ ಹಾಡನ್ನು ಬಿಟ್ಟು, ನನ್ನ ಕೈ ಹಿಡಿದುಕೊಂಡು, ಕತ್ತಲಲ್ಲಿ ಪರಿಚಯದವರ ಮನೆ ಹುಡುಕಿಕೊಂಡು ನಡೆಯಬೇಕಾಯಿತು. ಹಾಡು ರಸ್ತೆಯವರೆಗೂ ಕೇಳಿಸುತ್ತಿತ್ತು. "ಇಲ್ಲಿಂದ್ಲೇ ಚೆನ್ನಾಗಿ ಕೇಳತ್ತೆ ಬಿಡೆ" ಅಂದರು.

ಕೆಮ್ಮಿದ ಹುಡುಗಿಯ ತಾಯಿ ಮರುದಿನ ಬೆಳಿಗ್ಗೆ ಬಸ್‌ ನಿಲ್ದಾಣದ ಹೋಟೆಲಿನಲ್ಲಿ ಸಿಕ್ಕಿದ್ದರು. ಮಗಳು ಬಿಸಿನೀರು ಕುಡಿಯುತ್ತಾ ಕೂತಿದ್ದಳು, ಮಾತಾಡಲಿಲ್ಲ. ಮೂರು ರಾತ್ರಿ, ಮೂರು ಊರು, ನಿದ್ದೆಯೆಲ್ಲ ವ್ಯಾನಿನಲ್ಲೇ ಎಂದರು. ಗುರುಗಳ ಹತ್ತಿರ ಪಾಠ ನಿಂತು ಎಂಟು ತಿಂಗಳಾಗಿದೆಯಂತೆ. "ಜನ ಮರೆಯೋದರೊಳಗೆ ಹಾಡಿಬಿಡಬೇಕು ಅಂತಾರಲ್ಲ, ಏನು ಮಾಡೋದು?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಮೊನ್ನೆ ಗಣಪತಿ ಸಮಿತಿಯ ಹುಡುಗರು ಚಂದಾಕ್ಕೆ ಬಂದರು. ಈ ಸಲವೂ ಟೀವಿಯವರನ್ನೇ ಕರೆಸುತ್ತಾರಂತೆ. ರಸೀದಿ ಪುಸ್ತಕ ತೆರೆಯುವ ಮೊದಲೇ ಕೇಳಿದೆ: ವಾದ್ಯದವರು ಬರ್ತಾರಾ? ಎಷ್ಟು ಗಂಟೆಗೆ ಶುರು? ಹೆಂಗಸರಿಗೆ ಶೌಚಾಲಯ ಎಲ್ಲಿ? ನಮ್ಮ ತಬಲಾ ಮೇಷ್ಟ್ರನ್ನು ಎಲ್ಲಿ ಕೂರಿಸ್ತೀರಿ? ಹುಡುಗ ತಲೆ ಕೆರೆದುಕೊಂಡ. "ಕೇಳ್ಕೊಂಡು ಬಂದು ಹೇಳ್ತೀನಿ ಆಂಟಿ" ಎಂದು ಹೋದ. ಚಂದಾ ದುಡ್ಡು ದೇವರ ಮುಂದೆ ಡಬ್ಬಿಯ ಕೆಳಗೆ ಹಾಗೇ ಇದೆ.