ಅಳಿದ ಜೀವಕುಲಗಳಿಗೆ ಶೋಕ ತರವೇ?

ನಾಮಾವಶೇಷವಾದ ಜೀವಿಗಳಿಗಾಗಿ ಕೆಲವು ದೇಶಗಳಲ್ಲಿ 2011ರಿಂದ ಪ್ರತಿವರ್ಷ ನವೆಂಬರ್ 30ರಂದು ಸಾಮೂಹಿಕ ಸ್ಮರಣೆ, ಮೌನಧ್ಯಾನಗಳು ನಡೆಯುತ್ತಿವೆ. ‘ಶರಣನು ಮರಣಕ್ಕೇ ಅಳುವವನಲ್ಲ, ಹಕ್ಕಿಗೇಕೆ ಶೋಕ?’ ಎಂದು ಹಗುರವಾಗಿ ನುಡಿಯುವವರುಂಟು. ಈ ಮಾತು ಶರಣತತ್ತ್ವಕ್ಕೆ ಅಪಚಾರ.

ಮರಣ ಬೇರೆ, ನಿರ್ವಂಶ ಬೇರೆ. ಒಂದು ಹಕ್ಕಿ ಸತ್ತರೆ ಗೂಡಿನಲ್ಲಿ ಮರಿಯುಂಟು. ಕುಲವೇ ಅಳಿದರೆ ಹುಟ್ಟೇ ಇಲ್ಲ. ಉತ್ತರ ಅಮೆರಿಕದಲ್ಲಿ ಶತಕೋಟಿಗಟ್ಟಲೆ ಇದ್ದ ಪ್ಯಾಸೆಂಜರ್ ಪಾರಿವಾಳಗಳನ್ನು ಮಾರಾಟಕ್ಕಾಗಿ ಕೊಂದರು, ಅವುಗಳ ಕಾಡನ್ನು ಕಡಿದರು. ಕೊನೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಅಸುನೀಗಿತು. ಇದು ಕಾಲಧರ್ಮವಲ್ಲ, ಲೋಭದ ಫಲ. ದಯೆಗೆ ಧರ್ಮದಲ್ಲಿ ಅಗ್ರಸ್ಥಾನವಿತ್ತ ಬಸವಣ್ಣನವರ ಭಕ್ತನು ಇಲ್ಲಿ ಮರುಗದಿದ್ದರೆ ಇನ್ನೆಲ್ಲಿ ಮರುಗಿಯಾನು?

ಆದರೆ ಕಣ್ಮುಚ್ಚಿ ಕುಳಿತು ಎದ್ದುಹೋಗುವ ಧ್ಯಾನವೂ ಡಾಂಭಿಕವೇ. ಬಯಲುಸೀಮೆಯ ಹುಲ್ಲುಗಾವಲಿನ ಎರೆಭೂತ ಹಕ್ಕಿ ಇಂದು ಅಳಿವಿನ ಅಂಚಿನಲ್ಲಿದೆ. ಅಗಲಿದ್ದನ್ನು ನೆನೆದ ಮನವು ಉಳಿದುದನ್ನು ಕಾಯುವ ಕಾಯಕಕ್ಕಿಳಿಯಲಿ.